ಇದ್ಯಾರವ್ವಾ?

ನಮ್ಮ ದೋಣಿಗಲ್ಲಿಗೆ ಬಂದವರು ಯಾರೂ ಬರಿಗೈಯಲ್ಲಿ ಹಿಂದಿರುಗುವುದಿಲ್ಲ. ಮೊದಲಾಗಿದ್ದರೆ ಅರ್ಧ ಕಿಲೋ ಕಾಫಿಪುಡಿ, ಒಂದು ಪೊಟ್ಟಣ ಏಲಕ್ಕಿ, ಒಂದೆರಡು ಹಿಡಿ ಕಾಳುಮೆಣಸು ಕೊಂಡೊಯ್ಯುತ್ತಿದ್ದರು. ಈಗ ಫೋಟೋ ಕೊಂಡೊಯ್ಯುತ್ತಾರೆ. ಸಕಲೇಶಪುರ ದಾಟಿ ಘಟ್ಟದ ಗಾಳಿ ಮುಖಕ್ಕೆ ಬಡಿಯುತ್ತಲೇ ಕಾರುಗಳು ನಿಲ್ಲುತ್ತವೆ, ಕೈಗಳು ಮೇಲೇಳುತ್ತವೆ. ಮಂಜಿಗೊಂದು, ಹಾಲವಾಣದ ಮರಕ್ಕೊಂದು, ಹುರಿದ ಜೋಳಕ್ಕೊಂದು, ಜೋಳ ತಿನ್ನುವ ತಮ್ಮ ಬಾಯಿಗೊಂದು ಫೋಟೋ ಆಗುತ್ತದೆ. ಹಿಂದಿನ ಗಾಡಿಯವನು ಹಾರನ್ ಹೊಡೆದರೆ ಅವನದೂ ಒಂದು.

ರೈಲಿನವರ ಕಥೆಯೂ ಬೇರೆಯಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನ ತನಕ ಸುಮಾರು 55 ಕಿಲೋಮೀಟರು, ಅಷ್ಟರಲ್ಲಿ 57 ಸುರಂಗ, 109 ಸೇತುವೆ. ದಾರಿ ಮೊದಲು ತೆರೆದದ್ದು 1979ರಲ್ಲಿ, ಮೀಟರ್ ಗೇಜಿನಲ್ಲಿ. ಅಗಲ ಮಾಡಲೆಂದು 1996ರಲ್ಲಿ ನಿಂತ ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ನಿಲ್ಲುವ ಮೊದಲು ಬೋಗಿಗೊಬ್ಬರ ಕೈಯಲ್ಲಿ ಕ್ಯಾಮೆರಾ ಇದ್ದರೆ ಹೆಚ್ಚು. ಮತ್ತೆ ಓಡತೊಡಗಿದ ಮೇಲೆ ಕೆಲವೇ ವರ್ಷಗಳಲ್ಲಿ ಕೂತವರ ಕೈಗೆಲ್ಲ ಮೊಬೈಲು ಬಂತು. 2021ರಿಂದಂತೂ ನೋಡುವುದಕ್ಕೆಂದೇ ಗಾಜಿನ ಮಾಡಿನ ಬೋಗಿಯೂ ಬಂದಿದೆ. ಸುರಂಗ ಮುಗಿದು ಬೆಳಕು ಬಂದ ಕ್ಷಣ ಕಿಟಕಿಗಳಿಂದ ಕೈಗಳು ಹೊರಬರುವುದನ್ನು ತೋಟದ ಮೇಲಿನಿಂದ ನೋಡಿದರೆ ಗಾಡಿಗೇ ಸಾವಿರ ಕೈ ಮೂಡಿದಂತೆ ಕಾಣುತ್ತದೆ.

ಪಕ್ಕದ ತೋಟದ ಹೋಂಸ್ಟೇಗೆ ಬಂದಿದ್ದ ಒಬ್ಬ ಹುಡುಗಿಯನ್ನು ಒಮ್ಮೆ ಕೇಳಿದೆ. "ಎರಡು ದಿನದಲ್ಲಿ ಎಷ್ಟು ಫೋಟೋ ತೆಗೆದೆಯಮ್ಮ?"

"ನಾನೂರು ಆಗಿರಬಹುದು ಆಂಟಿ."

"ಇವನ್ನೆಲ್ಲ ಯಾವಾಗ ನೋಡ್ತೀಯ?"

ಅವಳು ನಕ್ಕಳು. ನಾನು ಏನೋ ಹಳೇಕಾಲದ ಪ್ರಶ್ನೆ ಕೇಳಿದೆ ಎಂಬಂಥ ನಗು. ತೆಗೆಯುವುದಕ್ಕೂ ನೋಡುವುದಕ್ಕೂ ಸಂಬಂಧವಿರಬೇಕು ಎಂಬ ನಿಯಮ ಎಂದೋ ಹೋಗಿದೆ ಎನ್ನುವುದು ನಮ್ಮ ಕಡೆಗೆ ತಡವಾಗಿ ತಲುಪಿರಬೇಕು. ಅಮೆರಿಕದ ಪೆನೆಲೋಪಿ ಉಂಬ್ರಿಕೊ ಎಂಬ ಕಲಾವಿದೆ 2006ರಲ್ಲಿ ಅಂತರ್ಜಾಲದ ಒಂದು ಫೋಟೋ ತಾಣದಲ್ಲಿ 'ಸೂರ್ಯಾಸ್ತ' ಎಂದು ಹುಡುಕಿದರಂತೆ. ಸಿಕ್ಕ ಫೋಟೋಗಳು 5,41,795. ಅವುಗಳಲ್ಲಿ ಹಲವಾರಿಂದ ಸೂರ್ಯನನ್ನು ಮಾತ್ರ ಕತ್ತರಿಸಿ ತೆಗೆದು, ಒಂದರ ಪಕ್ಕ ಒಂದು ಗೋಡೆ ತುಂಬ ಹಚ್ಚಿ ಪ್ರದರ್ಶನ ಮಾಡಿದರು. ಇರುವವನು ಒಬ್ಬನೇ ಸೂರ್ಯ, ಅವನನ್ನು ಐದೂಕಾಲು ಲಕ್ಷಕ್ಕೂ ಹೆಚ್ಚು ಸಲ ಹಿಡಿದು, ಹಿಡಿದವರೆಲ್ಲ ಮರೆತಿದ್ದರು. ಅದು 2006ರ ಮಾತು. ಈಗ ಎಣಿಸಲು ಹೋಗುವುದೇ ಬೇಡ.

ಹೀಗೆ ಯಾರೋ ತೆಗೆದು, ಯಾರೋ ಮರೆತ ಫೋಟೋಗಳನ್ನು ಹೆಕ್ಕಿ ತಂದು, ಎದುರಿಗಿಟ್ಟುಕೊಂಡು ಚಿತ್ರ ಬರೆಯುವ ಕಲಾವಿದರ ಒಂದು ಪಂಗಡವೇ ಈಗ ಇದೆ. ಈ ಸಂಗತಿ ನನಗೆ ತಿಳಿದದ್ದು ನನ್ನ ನಾದಿನಿಯ ಮಗಳಿಂದ. ಅವಳು ಬೆಂಗಳೂರಿನಲ್ಲಿ ಚಿತ್ರಕಲೆ ಓದಿದವಳು. ರಜೆಗೆ ಬಂದಾಗಲೆಲ್ಲ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ನನಗೆ ಪಾಠ ಹೇಳುತ್ತಾಳೆ. ನಾನು ರೊಟ್ಟಿ ತಟ್ಟುತ್ತ ಕೇಳುತ್ತೇನೆ.

ಅವಳು ಹೇಳಿದವರಲ್ಲಿ ನನಗೆ ಬಹಳ ಹಿಡಿಸಿದವನು ಲಂಡನ್ನಿನ ಡ್ಯಾನ್ ಹೇಸ್. 1997ರಲ್ಲಿ ಅಲ್ಲಿನ ಜಾನ್ ಮೂರ್ಸ್ ಎಂಬ ದೊಡ್ಡ ಬಹುಮಾನ ಪಡೆದ ಚಿತ್ರಕಾರ. ಆ ದಶಕದ ಕೊನೆಗೆ ಒಂದು ದಿನ ಇವನು ಅಂತರ್ಜಾಲದಲ್ಲಿ ತನ್ನ ಹೆಸರನ್ನೇ ಹುಡುಕಿದ. (ಹುಡುಕದವರು ಯಾರಿದ್ದಾರೆ ಹೇಳಿ!) ಸಿಕ್ಕಿದ್ದು ಇನ್ನೊಬ್ಬ ಡ್ಯಾನ್ ಹೇಸ್. ಅವನಿರುವುದು ಅಮೆರಿಕದ ಕೊಲರಾಡೊದಲ್ಲಿ, ಬೆಟ್ಟದ ಸೀಮೆಯಲ್ಲಿ. ತನ್ನ ಸುತ್ತಿನ ಬೆಟ್ಟ, ಕಾಡು, ಹಿಮದ ಫೋಟೋಗಳನ್ನು ತೆಗೆದು ತನ್ನ ಪುಟದಲ್ಲಿ ಹಾಕಿಕೊಂಡಿದ್ದ. ಆ ಕಾಲದ ಫೋಟೋಗಳು ನಿಮಗೆ ನೆನಪಿರಬೇಕು, ಸ್ವಲ್ಪ ದೊಡ್ಡದು ಮಾಡಿದರೆ ಸಾಕು, ಮುಖವೆಲ್ಲ ಚೌಕ ಚೌಕ. ಲಂಡನ್ನಿನವನು ಕೊಲರಾಡೊದವನ ಅಪ್ಪಣೆ ಕೇಳಿ, ಆ ಫೋಟೋಗಳನ್ನು ನೋಡಿಕೊಂಡು ತಾನು ಕಂಡಿರದ ಬೆಟ್ಟಗಳನ್ನು ಬರೆಯುತ್ತ ಹೋದ. ಚೌಕಗಳನ್ನು ನಯ ಮಾಡಲಿಲ್ಲ. ಒಂದೊಂದು ಚೌಕಕ್ಕೂ ಅದರದೇ ಬಣ್ಣ ಕಲಸಿ ತುಂಬಿದ. ಹತ್ತಿರದಿಂದ ನೋಡಿದರೆ ಬಣ್ಣದ ಚೂರು, ದೂರ ಸರಿದರೆ ಬೆಟ್ಟ.

"ಇದರಲ್ಲೇನು ಹೆಚ್ಚುಗಾರಿಕೆ? ನಮ್ಮ ಕ್ರಾಸ್ ಸ್ಟಿಚ್ ಅಲ್ಲವೇನೇ ಇದು?" ಎಂದೆ.

ಹುಡುಗಿ ಪೆಚ್ಚಾಗಲಿಲ್ಲ. "ಅದೇ ಅತ್ತೆ, ಅದೇ!" ಎಂದು ಕಟ್ಟೆಯಿಂದ ಇಳಿದೇ ಬಿಟ್ಟಳು.

ಯೋಚಿಸಿದರೆ ನಿಜ. ಮ್ಯಾಟಿ ಬಟ್ಟೆಯ ಮೇಲೆ ಗಿಣಿ, ಗುಲಾಬಿ, ಸ್ವಾಗತ ಎಂದು ಹೊಲಿದವರಿಗೆ ಚೌಕಗಳ ಮರ್ಮ ಹೊಸದಾಗಿ ಹೇಳಬೇಕಾಗಿಲ್ಲ. ಧಾರವಾಡದ ಕಡೆ ಕಸೂತಿ ಹಾಕುವವರನ್ನು ಕೇಳಿ. ಗವಂತಿ, ಮುರ್ಗಿ, ನೇಗಿ, ಮೆಂತಿ, ನಾಲ್ಕು ಹೊಲಿಗೆಗೂ ಬಟ್ಟೆಯ ಎಳೆ ಎಣಿಸಬೇಕು. ಒಂದು ಎಳೆ ತಪ್ಪಿದರೆ ಗೋಪುರ ಓರೆ. ಕಂಪ್ಯೂಟರು ಹುಟ್ಟುವ ಎಷ್ಟೋ ಮೊದಲೇ ಹೆಂಗಸರು ಚಿತ್ರವನ್ನು ಎಣಿಕೆಯಾಗಿ ಒಡೆದು, ಮತ್ತೆ ಎಣಿಕೆಯಿಂದ ಚಿತ್ರ ಕೂಡಿಸುತ್ತಿದ್ದರು. ಡ್ಯಾನ್ ಹೇಸನ ವಿಶೇಷ ಚೌಕದಲ್ಲಿಲ್ಲ, ಸಮಯದಲ್ಲಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತೆಗೆದದ್ದನ್ನು ದಿನಗಟ್ಟಲೆ ನೋಡುತ್ತಾನೆ. ತೆಗೆದವನೇ ನೋಡದೆ ಬಿಟ್ಟದ್ದನ್ನು ಯಾವ ಸಂಬಂಧವೂ ಇಲ್ಲದ ಇನ್ನೊಬ್ಬ ಕೂತು ನೋಡುತ್ತಾನೆ. ಅದೂ ಅಪ್ಪಣೆ ಕೇಳಿ.

ಈ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಅದು ಕೂರುವುದಕ್ಕೆ ನಮ್ಮ ಮನೆಯಲ್ಲೇ ಒಂದು ಕಾರಣ ಹುಟ್ಟಿತು.

2024ರ ಜುಲೈ ತಿಂಗಳು ಮಲೆನಾಡಿನವರು ಮರೆಯುವಂಥದಲ್ಲ. 26ರಂದು ಎಡಕುಮರಿ ಮತ್ತು ಕಡಗರವಳ್ಳಿಯ ನಡುವೆ ರೈಲುಹಳಿಯ ಕೆಳಗಿನ ಮಣ್ಣು ಜಾರಿ ಗಾಡಿಗಳು ನಿಂತವು. ತಿಂಗಳ ಕೊನೆಗೆ ದೊಡ್ಡತಪ್ಪಲೆಯಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಇಳಿಯಿತು. ಆ ಮಳೆಯಲ್ಲೇ ನನ್ನ ಅತ್ತೆ ತೀರಿಕೊಂಡರು. ವಯಸ್ಸಾಗಿತ್ತು, ನರಳಲಿಲ್ಲ, ರಾತ್ರಿ ಗಂಜಿ ಕುಡಿದು ಮಲಗಿದವರು ಏಳಲಿಲ್ಲ. ಮಂಗಳೂರು ಕಡೆಗೆ ಕೊಟ್ಟ ಹೆಣ್ಣುಮಕ್ಕಳು ಬರುವಂತಿರಲಿಲ್ಲ. ದಾರಿ ಎರಡೂ ಮುಚ್ಚಿದ್ದವು. ಅವರು ತಾಯಿಯ ಮುಖ ನೋಡಿದ್ದು ಫೋನಿನಲ್ಲಿ, ಅದೂ ಮಳೆಗೆ ಸಿಗ್ನಲ್ ಹೋಗಿ ಬಂದು ಮಾಡುತ್ತಿದ್ದಾಗ. ಮುಖ ಚೌಕ ಚೌಕವಾಗಿ ಒಡೆದು, ಮತ್ತೆ ಕೂಡಿ, ಮತ್ತೆ ಒಡೆಯಿತಂತೆ. "ಅತ್ತಿಗೆ, ಅವ್ವನ ಒಂದು ಒಳ್ಳೇ ಫೋಟೋ ಕಳಿಸಿ" ಎಂದು ದೊಡ್ಡವಳು ಅಳುತ್ತ ಹೇಳಿದಳು. ಒಳ್ಳೇ ಫೋಟೋ ಹುಡುಕಲು ಹೊರಟಾಗಲೇ ನಮಗೆ ತಿಳಿದದ್ದು, ಐವತ್ತೈದು ವರ್ಷ ಈ ಮನೆಯಲ್ಲಿ ಬಾಳಿದವರ ಒಂದು ಫೋಟೋ ಈ ಮನೆಯಲ್ಲಿಲ್ಲ ಎಂದು.

ಇಲ್ಲದಿರುವುದಕ್ಕೆ ಬಡತನ ಕಾರಣವಲ್ಲ, ಮನೆಯಲ್ಲಿ ಆಲ್ಬಮ್ಮುಗಳು ಮೂರಿವೆ. ಮಾವನವರು ಕೋಟು ಪೇಟದಲ್ಲಿ ಕೂತ ಕಪ್ಪುಬಿಳುಪು ಫೋಟೋಕ್ಕೆ ಸ್ಟುಡಿಯೋದವರು ಕೈಯಿಂದಲೇ ಬಣ್ಣ ಹಾಕಿದ್ದು ಹಜಾರದಲ್ಲಿದೆ. ಮಕ್ಕಳ ನಾಮಕರಣ, ಮದುವೆ, ಹೊಸ ಜೀಪು, ಪ್ರದರ್ಶನದಲ್ಲಿ ಬಹುಮಾನ ಬಂದ ಎಮ್ಮೆ, ಎಲ್ಲದರ ಫೋಟೋ ಇದೆ. ಆ ಫೋಟೋಗಳನ್ನು ತೆಗೆಯುವ ಹೊತ್ತಿಗೆಲ್ಲ ಅತ್ತೆ ಒಳಗಿದ್ದರು. ಬಂದವರಿಗೆ ಕಡುಬು ಬೇಯುತ್ತಿತ್ತು. "ಬನ್ನಿ ಅತ್ತೆ" ಎಂದರೆ "ನಂದೇನು ತೆಗೀತಾರೆ, ಮೊದ್ಲು ಅವರಿಗೆ ಎಲೆ ಹಾಕು" ಎನ್ನುತ್ತಿದ್ದರು. ನಿಮ್ಮ ಮನೆಯ ಆಲ್ಬಮ್ಮನ್ನು ತೆಗೆದು ನೋಡಿ. ಅಡುಗೆ ಯಾರ ಕೈಯಲ್ಲಿತ್ತೋ ಅವರು ಫೋಟೋದಲ್ಲಿ ಕಡಿಮೆ.

ಎಲ್ಲರ ಫೋನುಗಳನ್ನೂ ಜಾಲಾಡಿ ಕೊನೆಗೆ ಮೂರು ಸಿಕ್ಕವು. ಒಂದು ಆಧಾರ್ ಕಾರ್ಡಿನದು. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಆ ಕ್ಯಾಮೆರಾದ ಮುಂದೆ ದೇಶದ ಪ್ರಜೆಗಳೆಲ್ಲ ಸಮಾನರು, ಎಲ್ಲರೂ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಕಾಣುತ್ತಾರೆ. ಎರಡನೆಯದು ಯಾರದೋ ಮದುವೆಯ ಊಟದ ಪಂಕ್ತಿ. ಅದರಲ್ಲಿ ಅತ್ತೆಯ ಬೆನ್ನು, ತುರುಬು ಮತ್ತು ಪಾಯಸದ ಸೌಟು ಇವೆ. ಮೂರನೆಯದು ನಾನೂರು ಫೋಟೋ ತೆಗೆದಿದ್ದಳಲ್ಲ, ಆ ಹುಡುಗಿ ಕಳಿಸಿದ್ದು. 2022ರ ಮಳೆಗಾಲದಲ್ಲಿ ಅವಳು ನಮ್ಮ ಕಣದ ಬಳಿ ಬಂದಾಗ ಅತ್ತೆ ಬಿದಿರುಮೆಳೆಯಿಂದ ಕಳಲೆ ಮುರಿದುಕೊಂಡು ಬರುತ್ತಿದ್ದರು. ತಲೆಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಮೊಣಕಾಲಿಗೆತ್ತಿ ಕಟ್ಟಿದ ಹಳೇ ಸೀರೆ, ಕಂಕುಳಲ್ಲಿ ಕುಕ್ಕೆ. ಹುಡುಗಿ ಫೋನು ಎತ್ತಿದಳು. "ಈ ಮುದುಕೀದು ಏನ್ ತೆಗೀತೀಯ ಮಗ!" ಎಂದು ಅತ್ತೆ ನಕ್ಕರು. ಮುಂದಿನ ಎರಡು ಹಲ್ಲು ಇಲ್ಲದ, ಕಣ್ಣು ಪೂರ್ತಿ ಮುಚ್ಚಿದ ನಗು. ಅದನ್ನವಳು ನನ್ನ ಫೋನಿಗೆ ಕಳಿಸಿದ್ದಳು.

ಹನ್ನೊಂದನೆಯ ದಿನಕ್ಕೆ ಹಜಾರದಲ್ಲಿ ಇಡಲು ಫೋಟೋ ಬೇಕಲ್ಲ. ನಾನು ಮೂರನೆಯದನ್ನು ಮುಂದಿಟ್ಟೆ. ಭಾವನವರು ಒಪ್ಪಲಿಲ್ಲ. "ನಾಲ್ಕು ಜನ ಬರೋ ಕಡೆ ಅವ್ವನ್ನ ಈ ಕೊಪ್ಪೇಲಿ ಕೂರಿಸೋದಾ?" ಅವರ ಮಾತಿನಲ್ಲಿ ತಾಯಿಯ ಮೇಲಿನ ಗೌರವವೇ ಇತ್ತು. ತಾಯಿ ಬದುಕಿದ್ದಾಗ ಉಡಿಸಲಾಗದ ಜರಿಸೀರೆಯ ಚಿಂತೆಯೂ ಇತ್ತೇನೋ. ಮೂರೂ ಫೋಟೋಗಳು ಒಂದು ಸ್ಟುಡಿಯೋಗೆ ಹೋದವು. ಎರಡು ದಿನ ಬಿಟ್ಟು ಬಂದದ್ದು ಎರಡಡಿ ಎತ್ತರದ, ಬಂಗಾರದ ಬಣ್ಣದ ಚೌಕಟ್ಟಿನ ಫೋಟೋ. ಮುಖ ಆಧಾರ್ ಕಾರ್ಡಿನದು. ಕುತ್ತಿಗೆಯಿಂದ ಕೆಳಗೆ ಯಾರೋ ಬೇರೆಯವರು. ಕೆಂಪು ರೇಷ್ಮೆ ಸೀರೆ, ಎರಡೆಳೆ ಸರ, ಬೆನ್ನ ಹಿಂದೆ ನೀಲಿ ಆಕಾಶ. ಬಣ್ಣ ಬಿಳುಪು ಮಾಡಿದ್ದರು, ಕೂದಲಿಗೆ ಕಪ್ಪು ಹಚ್ಚಿದ್ದರು, ಕೆನ್ನೆಯ ಗೆರೆಗಳನ್ನೆಲ್ಲ ಇಸ್ತ್ರಿ ಹಾಕಿದಂತೆ ತೆಗೆದಿದ್ದರು. ಎಲ್ಲರೂ "ಚೆನ್ನಾಗಿ ಬಂದಿದೆ" ಎಂದರು.

ಆ ದಿನ ಲೈನ್ ಮನೆಯ ಹಿರಿಯಾಕೆಯೊಬ್ಬಳು ಬಂದಳು. ಮೂವತ್ತು ವರ್ಷ ಅತ್ತೆಯ ಜೊತೆ ಒಂದೇ ಸಾಲಿನಲ್ಲಿ ಕಾಫಿ ಕುಯ್ದವಳು. ಹೂವಿನ ಹಾರದ ಮುಂದೆ ನಿಂತಳು, ಕಣ್ಣು ಕಿರಿದು ಮಾಡಿ ನೋಡಿದಳು, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಇದ್ಯಾರವ್ವಾ?"

"ದೊಡ್ಡಮ್ಮೋರು ಕಣೇ."

"ಯೇ, ಬುಡಿ. ದೊಡ್ಡಮ್ಮೋರು ಹಿಂಗಿದ್ರಾ?"

ಹೀಗೆಂದವಳು ಆ ಫೋಟೋಕ್ಕೆ ಕೈ ಮುಗಿಯಲಿಲ್ಲ. ಅದರ ಪಕ್ಕದಲ್ಲಿ ಎಡೆ ಇಟ್ಟಿದ್ದ ಎಲೆಗೆ, ಅದರಲ್ಲಿದ್ದ ಕಳಲೆ ಪಲ್ಯಕ್ಕೆ ಕೈ ಮುಗಿದು ಹೋದಳು.

ನಾದಿನಿಯ ಮಗಳು ದಾರಿ ತೆರೆದ ಮೇಲೆ ಬಂದಳು. ಆ ಫೋಟೋ ನೋಡಿ ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. "ಅಜ್ಜೀನ ಇನ್ನೊಬ್ಬಳಾಗಿ ಮಾಡಿದ್ದಾರೆ. ಇದು ಹೊಸದೇನಲ್ಲ ಅತ್ತೆ, ಹೆಂಗಸರಿಗೆ ಮೊದಲಿಂದಲೂ ಹೀಗೇ ಆಗ್ತಾ ಬಂದಿದೆ" ಎಂದು ಒಂದು ಪುಸ್ತಕ ತೆಗೆದು ನನ್ನ ಮುಂದಿಟ್ಟಳು. ಅದರಲ್ಲಿದ್ದದ್ದು ಬೆಂಗಳೂರಿನ ಎನ್. ಪುಷ್ಪಮಾಲಾ ಅವರ ಕೆಲಸ.

ಪುಷ್ಪಮಾಲಾ ಬರೋಡಾದಲ್ಲಿ ಶಿಲ್ಪ ಕಲಿತವರು. ಆಮೇಲೆ ಶಿಲ್ಪ ಬಿಟ್ಟು ಕ್ಯಾಮೆರಾದ ಮುಂದೆ ತಾವೇ ನಿಲ್ಲತೊಡಗಿದರು. 2000ದಿಂದ 2004ರವರೆಗೆ ಬೆಂಗಳೂರಿನ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆ ಸೇರಿ ದಕ್ಷಿಣ ಭಾರತದ ಹೆಂಗಸರ ಬಗ್ಗೆ ಒಂದು ದೊಡ್ಡ ಸರಣಿ ಮಾಡಿದರು. ಅದರ ಕ್ರಮ ಹೀಗೆ: ಹೆಂಗಸರನ್ನು ತೋರಿಸುವ, ಆಗಲೇ ಇರುವ ಚಿತ್ರಗಳನ್ನು ಹೆಕ್ಕುವುದು. ರವಿವರ್ಮರ ಬೆಳದಿಂಗಳ ಸುಂದರಿ, ಅವರದೇ ಲಕ್ಷ್ಮಿ, ಬಿಜಾಪುರದ ಹಳೆಯ ಚಿತ್ರದ ಯೋಗಿನಿ, ವೇಲಾಂಕಣಿಯ ಮಾತೆ, ಬ್ರಿಟಿಷರು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಮೈ ಅಳೆದು ಫೋಟೋ ಹಿಡಿದ ಆದಿವಾಸಿ ಹೆಂಗಸು, 1990ರ ದಶಕದ ಒಂದು ಕನ್ನಡ ಸಿನಿಮಾದ ದೃಶ್ಯ, ಮತ್ತೆ 2001ರಲ್ಲಿ ಪತ್ರಿಕೆಯಲ್ಲಿ ಬಂದ, ಪೊಲೀಸರು ಹಿಡಿದ ಇಬ್ಬರು ಹೆಂಗಸರ ಫೋಟೋ. ಒಂದೊಂದನ್ನೂ ಅದೇ ಉಡುಪು, ಅದೇ ನಿಲುವು, ಅದೇ ಹಿನ್ನೆಲೆಯಲ್ಲಿ ಮತ್ತೆ ಕಟ್ಟಿ, ಆ ಹೆಂಗಸಿನ ಜಾಗದಲ್ಲಿ ತಾವು ನಿಂತರು.

ಲಕ್ಷ್ಮಿಯ ಪಕ್ಕದಲ್ಲೇ ಆ ಆರೋಪಿ ಹೆಂಗಸು, ಎರಡರಲ್ಲೂ ಅದೇ ಮುಖ. ಪುಟ ತಿರುವುತ್ತ ಹೋದಂತೆ ನಗು ಬಂತು, ಆಮೇಲೆ ನಗು ನಿಂತಿತು. ಲಕ್ಷ್ಮಿಯನ್ನು ಹಾಗೆ ನಿಲ್ಲಿಸಿದವರೂ ಯಾರೋ ಇದ್ದರು, ಆರೋಪಿಯನ್ನು ಹಾಗೆ ನಿಲ್ಲಿಸಿದವರೂ ಯಾರೋ ಇದ್ದರು. ನಿಂತವಳನ್ನು ಕೇಳಿದವರು ಎರಡೂ ಕಡೆ ಇಲ್ಲ. ನಮ್ಮ ದೇವರಮನೆಯ ಲಕ್ಷ್ಮಿಯ ಕಥೆಯೂ ಅಷ್ಟೆ. ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ ಮೇಲೆ ಕಮಲದ ಮೇಲೆ ನಿಂತ ಆ ತಾಯಿ ಮನೆಮನೆಗೆ ಬಂದಳು. ಅವಳಿಗೆ ಮುಖ ಕೊಟ್ಟ ಹೆಂಗಸಿನ ಹೆಸರು ಹಿಡಿದು ನಾವು ಯಾರೂ ದೀಪ ಹಚ್ಚುವುದಿಲ್ಲ.

ಹೆಸರು ಉಳಿದವರೂ ಇದ್ದಾರೆ ಎನ್ನಿ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರೆಲ್ಲ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಂತೇ ಇರುತ್ತೀರಿ. ಬೆರಳುಗಳ ನಡುವೆ ಬೆಳಕು ಸೋರುವ ಆ ಜಲವರ್ಣ ಚಿತ್ರವನ್ನು ರವಿವರ್ಮರದೆಂದು ಹೇಳುವವರೇ ಹೆಚ್ಚು. ಬರೆದವರು ಸಾವಂತವಾಡಿಯ ಎಸ್.ಎಲ್. ಹಲ್ದಣಕರ್, 1940ರ ದಶಕದಲ್ಲಿ. ದೀಪ ಹಿಡಿದು ಗಂಟೆಗಟ್ಟಲೆ ನಿಂತವರು ಅವರ ಮಗಳು ಗೀತಾ. ನೂರು ದಾಟಿ ಬದುಕಿ 2018ರಲ್ಲಿ ತೀರಿಕೊಂಡರು. ಅಲ್ಲಿ ತಂದೆ ಮಗಳನ್ನು ನೋಡಿದ, ಮಗಳು ತಂದೆಗಾಗಿ ನಿಂತಳು, ಇಬ್ಬರಿಗೂ ಗೊತ್ತಿತ್ತು. ಹೆಕ್ಕಿ ತಂದ ಫೋಟೋದಲ್ಲಿ ಆ 'ಇಬ್ಬರಿಗೂ ಗೊತ್ತಿತ್ತು' ಎನ್ನುವುದೊಂದು ಇರುವುದಿಲ್ಲ.

ಪುಷ್ಪಮಾಲಾ ವೇಷ ಹಾಕುತ್ತಾರೆ, ಹಾಕಿದ್ದೇನೆ ನೋಡಿ ಎಂದೂ ತೋರಿಸುತ್ತಾರೆ. ನಮ್ಮ ಸ್ಟುಡಿಯೋದವರು ಅತ್ತೆಗೆ ವೇಷ ಹಾಕಿ, ಇವರೇ ಅವರು ಎಂದು ಕೈಗಿಟ್ಟರು. ಎರಡರ ನಡುವಿನ ದೂರ ಅಷ್ಟೆ, ಆದರೆ ಅಷ್ಟು ದೂರ.

ಹುಡುಗಿ ಇನ್ನೊಂದು ಚಿತ್ರವನ್ನೂ ತೋರಿಸಿದಳು. ಜರ್ಮನಿಯ ಗೆರ್‌ಹಾರ್ಡ್ ರಿಕ್ಟರ್ 1965ರಲ್ಲಿ ಬರೆದದ್ದು. ಒಂದು ಮನೆಯ ಆಲ್ಬಮ್ಮಿನ ಫೋಟೋ ನೋಡಿಕೊಂಡು ಬರೆದ ಬೂದುಬಣ್ಣದ ಚಿತ್ರ. ಹದಿನಾಲ್ಕರ ಹುಡುಗಿಯೊಬ್ಬಳು ಹಸುಗೂಸಿನ ಹಿಂದೆ ನಿಂತು ನಗುತ್ತಿದ್ದಾಳೆ. ಗೂಸು ರಿಕ್ಟರನೇ, 1932ರಲ್ಲಿ ಹುಟ್ಟಿದವನು. ಹುಡುಗಿ ಅವನ ಚಿಕ್ಕಮ್ಮ ಮರಿಯಾನೆ. ಬೆಳೆದ ಮೇಲೆ ಅವಳಿಗೆ ಮನಸ್ಸಿನ ಕಾಯಿಲೆ ಬಂತು. ಅದು ಹಿಟ್ಲರನ ಕಾಲ. ಅಂಥವರಿಗೆ ಮಕ್ಕಳಾಗಬಾರದೆಂದು ಬಲವಂತವಾಗಿ ಶಸ್ತ್ರಚಿಕಿತ್ಸೆ ಮಾಡಿದರು. ಆಸ್ಪತ್ರೆಯಲ್ಲಿ ಊಟ ಕೊಡದೆ ಸೊರಗಿಸಿ 1945ರಲ್ಲಿ ಸಾಯಿಸಿದರು. ರಿಕ್ಟರ್ ಆ ಫೋಟೋವನ್ನು ಬರೆದು, ಬಣ್ಣ ಹಸಿಯಿರುವಾಗಲೇ ಕುಂಚದಿಂದ ಅಡ್ಡಡ್ಡ ಎಳೆದು ಮಸುಕು ಮಾಡಿದ. ಹಲವು ವರ್ಷಗಳ ಮೇಲೆ ಪತ್ರಕರ್ತನೊಬ್ಬ ಹುಡುಕಿ ತೆಗೆದ ಸಂಗತಿ ಇನ್ನೂ ಭಯಂಕರ. ಅಂಥ ಶಸ್ತ್ರಚಿಕಿತ್ಸೆಗಳಲ್ಲಿ ಕೈಯಿದ್ದ ವೈದ್ಯರಲ್ಲಿ ಒಬ್ಬ ರಿಕ್ಟರನ ಮೊದಲ ಹೆಂಡತಿಯ ತಂದೆ.

"ಮುಖ ಯಾಕೆ ಮಸುಕು ಮಾಡಿದ?" ಎಂದೆ.

"ಗೊತ್ತಿಲ್ಲದ್ದನ್ನು ಗೊತ್ತು ಅಂತ ತೋರಿಸೋಕೆ ಇಷ್ಟ ಇರಲಿಲ್ಲವೇನೋ" ಎಂದಳು.

ನಮ್ಮ ಹಜಾರದ ಫೋಟೋದಲ್ಲಿ ಒಂದು ಚೂರೂ ಮಸುಕಿಲ್ಲ. ರೆಪ್ಪೆಯ ಕೂದಲು ಎಣಿಸಬಹುದು. ಆದರೆ ಅದರೊಳಗೆ ನಮ್ಮ ಅತ್ತೆ ಇಲ್ಲ.

ಮಾರನೆಯ ದಿನ ಹುಡುಗಿ ಹಿಂದಿನ ಜಗಲಿಯಲ್ಲಿ ಕಾಗದ ಹರಡಿ ಕೂತಳು. ನನ್ನ ಫೋನನ್ನು ಅಕ್ಕಿಡಬ್ಬಕ್ಕೆ ಒರಗಿಸಿಟ್ಟಳು. ಅದರಲ್ಲಿ ಕಳಲೆ ಕುಕ್ಕೆಯ ಅತ್ತೆ. ಅವಳು ಬರೆಯುವುದನ್ನು ನಾನು ಕೆಲಸದ ನಡುನಡುವೆ ಬಂದು ನೋಡುತ್ತಿದ್ದೆ. ಅರ್ಧ ಮಧ್ಯಾಹ್ನ ಕೊಪ್ಪೆಯ ಮೇಲಿನ ಮಳೆನೀರಿಗೇ ಹೋಯಿತು. ಕುಪ್ಪಸದ ಹತ್ತಿರ ಬಂದು ನಿಂತಳು. "ಅತ್ತೆ, ಇದು ಯಾವ ಬಣ್ಣ? ಫೋನಿನಲ್ಲಿ ಕಂದು ಕಾಣ್ತಿದೆ, ಮೋಡ ಇತ್ತಲ್ಲ."

ನಾನು ಒಳಗೆ ಹೋಗಿ ಟ್ರಂಕು ತೆಗೆದೆ. ಕುಪ್ಪಸ ಅಲ್ಲೇ ಇತ್ತು. ಎಲೆಹಸಿರು, ತೋಳಿನ ಕಡೆ ಬೇರೆ ಹಸಿರಿನ ತೇಪೆ. ತಂದು ಕಾಗದದ ಪಕ್ಕದಲ್ಲಿಟ್ಟೆ. ಅವಳು ಮಾತಾಡದೆ ಎರಡು ಹಸಿರು ಕಲಸಿದಳು. ಕ್ಯಾಮೆರಾಕ್ಕೆ ಗೊತ್ತಿಲ್ಲದ್ದು ಟ್ರಂಕಿಗೆ ಗೊತ್ತಿತ್ತು.

ಚಿತ್ರ ಮುಗಿದ ಮೇಲೆ ಅವಳೊಂದು ಮಾತು ತೆಗೆದಳು. ಬೆಂಗಳೂರಿನ ಕುಮಾರಕೃಪ ರಸ್ತೆಯಲ್ಲಿ 2003ರಿಂದ ಚಿತ್ರಕಲಾ ಪರಿಷತ್ತಿನವರು ಜನವರಿಯಲ್ಲಿ ಚಿತ್ರಸಂತೆ ನಡೆಸುತ್ತಾರಲ್ಲ, ಅಲ್ಲಿಗೆ ತನ್ನ ಬೇರೆ ಚಿತ್ರಗಳ ಜೊತೆ ಇದನ್ನೂ ಒಯ್ಯಲೇ ಎಂದು. ದುಡ್ಡಿಗಲ್ಲ, ನಾಲ್ಕು ಜನ ನೋಡಲಿ ಎಂದು. ಭಾವನವರೂ ಅಂದದ್ದು ಅದೇ, ನಾಲ್ಕು ಜನ ನೋಡುವ ಕಡೆ ಎಂದು. ಇಬ್ಬರ ನಾಲ್ಕು ಜನರೂ ಬೇರೆ.

ನಾನು ಬಹಳ ಹೊತ್ತು ಸುಮ್ಮನಿದ್ದೆ. ಡ್ಯಾನ್ ಹೇಸನಿಗೆ ಅಪ್ಪಣೆ ಕೇಳಲು ಇನ್ನೊಬ್ಬ ಡ್ಯಾನ್ ಹೇಸ್ ಇದ್ದ. ನಾವು ಯಾರನ್ನು ಕೇಳೋಣ? ಹೋಂಸ್ಟೇಯ ಹುಡುಗಿಯನ್ನು ಕೇಳಬಹುದು, ಫೋಟೋ ಅವಳದು. ಮುಖ ಅವಳದಲ್ಲ. "ಈ ಮುದುಕೀದು ಏನ್ ತೆಗೀತೀಯ" ಎಂದು ಅತ್ತೆ ನಕ್ಕದ್ದು ಆ ಹುಡುಗಿಯೊಬ್ಬಳಿಗೆ. ಆ ನಗು ಒಪ್ಪಿಗೆಯೇ ಇರಬಹುದು. ಆದರೆ ಎಷ್ಟು ಜನಕ್ಕೆ ಒಪ್ಪಿಗೆ, ಎಷ್ಟು ದೂರದವರೆಗೆ ಒಪ್ಪಿಗೆ? ಅಂಗಳದಲ್ಲಿ ಒಂದು ಲೋಟ ನೀರು ಕೊಟ್ಟವರು ಬಾವಿಯನ್ನೇ ಕೊಟ್ಟರು ಎಂದು ತಿಳಿಯಲಾದೀತೆ?

"ಅಜ್ಜಿ ಇಲ್ಲೇ ಇರಲಿ. ನೋಡಬೇಕು ಅನ್ನೋರು ಇಲ್ಲಿಗೇ ಬರಲಿ. ಕಾಫಿ ಕೊಡೋಣ" ಎಂದೆ. ಅವಳು ಒಪ್ಪಿದಳು. ಸ್ವಲ್ಪ ಮುಖ ಸಣ್ಣ ಮಾಡಿಕೊಂಡೇ ಒಪ್ಪಿದಳು, ಸುಳ್ಳೇಕೆ.

ಹಜಾರದ ರೇಷ್ಮೆ ಸೀರೆಯ ಫೋಟೋವನ್ನು ಯಾರೂ ತೆಗೆದಿಲ್ಲ. ಮಂಗಳೂರಿನ ಹೆಣ್ಣುಮಕ್ಕಳು ಬಂದು ಅದರ ಮುಂದೆ ಅತ್ತರು, ಅವರಿಗೆ ಅದು ಬೇಕಿತ್ತು. ತಾಯಿಗೆ ಒಂದು ಜರಿಸೀರೆ ಉಡಿಸಿದ ಸಮಾಧಾನ ಮಕ್ಕಳಿಗೆ ಇರಲಿ. ಕಳಲೆ ಕುಕ್ಕೆಯ ಚಿತ್ರವನ್ನು ನಾನು ಅಡುಗೆಮನೆಯಿಂದ ಹಿತ್ತಿಲಿಗೆ ಹೋಗುವ ಬಾಗಿಲ ಪಕ್ಕದ ಗೋಡೆಗೆ ಹಾಕಿಸಿದೆ. ಗಾಜು ಹಾಕಿಸಿದ್ದೇನೆ, ಮಳೆಗಾಲದಲ್ಲಿ ಇಲ್ಲಿ ಕಾಗದಕ್ಕೆ ಬೂಸಲು ಹಿಡಿಯುವುದು ನಿಮಗೆ ಗೊತ್ತೇ ಇದೆ.

ಕಾಫಿ ಕುಯ್ಲು ಶುರುವಾದಾಗ ಲೈನಿನ ಆ ಹಿರಿಯಾಕೆ ಮಜ್ಜಿಗೆಗೆಂದು ಹಿತ್ತಿಲಿಗೆ ಬಂದಳು. ಈ ಸಲ ಯಾರೆಂದು ಕೇಳಲಿಲ್ಲ. ಚೊಂಬು ಕೆಳಗಿಟ್ಟು ಹತ್ತಿರ ಹೋದಳು. ಕುಕ್ಕೆ ಹಿಡಿದ ಎಡಗೈಯನ್ನೇ ನೋಡುತ್ತ ನಿಂತು, "ಕೈ ಸರೀಗಿಲ್ಲ ಕನವ್ವ" ಎಂದಳು.

"ಯಾಕೆ, ಏನಾಗಿದೆ?"

"ಈ ಬೆಳ್ಳು ಒಳಕ್ಕೆ ಮಡ್ಚಿಕೊಂಡಿತ್ತು. ಹುಲ್ಲು ಕುಯ್ವಾಗ ಕುಡ್ಲು ತಗುಲಿತ್ತಲ್ಲ, ನಾನೇ ಅರ್ಶಿಣ ಕಟ್ಟಿದ್ದೆ. ಅವತ್ತಿಂದ ಅದು ನೆಟ್ಟಗಾಗ್ಲೇ ಇಲ್ಲ."

ಫೋಟೋದಲ್ಲಿ ಆ ಬೆರಳು ಕುಕ್ಕೆಯ ಮರೆಯಲ್ಲಿತ್ತು, ಹುಡುಗಿ ಊಹಿಸಿ ಬರೆದಿದ್ದಳು. ಸಂಜೆ ಫೋನು ಮಾಡಿ ಹೇಳಿದೆ. ಮುಂದಿನ ರಜೆಗೆ ಬಂದವಳು ಗಾಜು ಬಿಚ್ಚಿಸಿ, ಹಿರಿಯಾಕೆಯನ್ನು ಎದುರಿಗೆ ಕೂರಿಸಿಕೊಂಡು, "ಹೀಗಾ ಅಜ್ಜಿ? ಇನ್ನೂ ಸ್ವಲ್ಪ ಒಳಗಾ?" ಎಂದು ಕೇಳುತ್ತ ಬೆರಳನ್ನು ತಿದ್ದಿದಳು. ಹಿರಿಯಾಕೆ ತನ್ನದೇ ಕೈಬೆರಳನ್ನು ಮಡಿಚಿ ತೋರಿಸುತ್ತಿದ್ದಳು.